ನಮ್ಮ ಭಾಗದ ಸುದ್ದಿಯನ್ನು ವಿಮರ್ಶಿಸುವ ಪಾಡ್‌ಕಾಸ್ಟ್: ಮಾಡಿದವರು, ಕೇಳಿದವರು ಅನುಭವ ಹೇಳಿ

ಕೊಪ್ಪಳದಿಂದ ಕೇಳುತ್ತಿದ್ದೇನೆ. ನಾನೂ ನನ್ನ ಗೆಳತಿಯೂ ಪದವಿ ಮುಗಿಸಿದ್ದೇವೆ. ವಾರಕ್ಕೊಮ್ಮೆ ಅರ್ಧ ಗಂಟೆಯ ಕನ್ನಡ ಪಾಡ್‌ಕಾಸ್ಟ್ ಶುರು ಮಾಡುವ ಆಸೆ ಇದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಬಗ್ಗೆ ಆ ವಾರ ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಏನು ಹೇಳಿದವು, ಏನನ್ನು ಬಿಟ್ಟವು ಎಂದು ಮಾತನಾಡಬೇಕು. ರಾಜಕೀಯವೂ ಬಂದೇ ಬರುತ್ತದೆ. ವಿಡಿಯೊ ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆಯೇ? ಟಿ.ವಿ. ತುಣುಕುಗಳನ್ನು ಹಾಕಬಹುದೇ? ಊರಿನ ಮುಖಂಡರೆಲ್ಲ ಪರಿಚಯದವರೇ, ಅವರ ಬಗ್ಗೆ ಮಾತನಾಡುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ರಾಯಚೂರಿನಿಂದ, ಕಾಲೇಜು ಉಪನ್ಯಾಸಕ

ತಂಗಿ, ಖಂಡಿತ ಶುರು ಮಾಡಿ. ಇಬ್ಬರು ಸ್ನೇಹಿತರ ಜೊತೆ ನಾನು ಇಂಥದ್ದೇ ಒಂದು ಕಾರ್ಯಕ್ರಮ ನಡೆಸುತ್ತಿದ್ದೇನೆ. ಈ ಕೆಲಸಕ್ಕೆ ಬೇರೆಲ್ಲೂ ಜಾಗ ಇಲ್ಲ ಎಂಬುದು ಅದರಿಂದ ಇನ್ನಷ್ಟು ಖಚಿತವಾಗಿದೆ. ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಕೊಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೇ. ಸಮುದಾಯ ಬಾನುಲಿಗೂ ಅದೇ ಕಟ್ಟು. ಟಿ.ವಿ.ಯಲ್ಲಿ ಚರ್ಚೆ ಇದೆ, ಆದರೆ ಅದು ಬೆಂಗಳೂರಿನ ಸ್ಟುಡಿಯೊದಲ್ಲಿ ನಡೆಯುತ್ತದೆ. ಪಾಡ್‌ಕಾಸ್ಟ್‌ಗೆ ಪ್ರಸಾರ ಪರವಾನಗಿ ಬೇಕಿಲ್ಲ. ಆದ್ದರಿಂದಲೇ ಅದನ್ನು ಹರಟೆಗೆ ಖರ್ಚು ಮಾಡಬೇಡಿ.

ನನ್ನ ಮುಖ್ಯ ಮಾತು ಇಷ್ಟು: ಅಭಿಪ್ರಾಯ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ವರದಿಯನ್ನು ಅದು ಹುಟ್ಟಿದ ಜಾಗಕ್ಕೆ ಒಯ್ದು ಪರೀಕ್ಷಿಸುವವರು ಇಲ್ಲ. ಆ ಜಾಗ ನಿಮಗೆ ಬಸ್ಸಿನ ದೂರದಲ್ಲಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ (ಅಣೆಕಟ್ಟೆಯ ಮೇಲ್ಭಾಗದ ಗೇಟುಗಳು) 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರದ ಸುದ್ದಿಯನ್ನೇ ತೆಗೆದುಕೊಳ್ಳಿ. ಒಂದು ಗೇಟು ಹೋಗುವುದು ಬೇರೆ, ಅಣೆಕಟ್ಟೆಗೇ ಕುತ್ತು ಬರುವುದು ಬೇರೆ. ನಾನು ಆ ದಿನಗಳಲ್ಲಿ ನೋಡಿದ ಎಷ್ಟೋ ಕಾರ್ಯಕ್ರಮಗಳಲ್ಲಿ, ಮೊಬೈಲಿಗೆ ಬಂದ ಸಂದೇಶಗಳಲ್ಲಿ ಎರಡೂ ಒಂದೇ ಎಂಬಂತಿತ್ತು. ನದಿ ದಂಡೆಯ ಊರುಗಳಲ್ಲಿ ಜನ ನಿದ್ದೆಗೆಟ್ಟರು. ಆ ಗೇಟಿನಿಂದ ಸುಮಾರು 35 ಸಾವಿರ ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಹೋಗುತ್ತಿದೆ ಎಂದು ಎಲ್ಲರೂ ಹೇಳಿದರು. ಅದರ ಅರ್ಥವನ್ನು ಹೇಳಿದವರು ಕಡಿಮೆ. ಒಂದು ಇಡೀ ದಿನ ಹಾಗೆ ಹರಿದರೆ ಮೂರು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಖಾಲಿಯಾಗುತ್ತದೆ. ಜಲಾಶಯ ತುಂಬಿದಾಗ ಇರುವುದು ಸುಮಾರು 105 ಟಿಎಂಸಿ. ಈ ಎರಡು ವಾಕ್ಯ ಕೇಳಿದ ರೈತನಿಗೆ ಪ್ರವಾಹದ ಭಯ ಎಷ್ಟು, ಎರಡನೇ ಬೆಳೆಯ ಭಯ ಎಷ್ಟು ಎಂಬ ಅಂದಾಜು ಸಿಗುತ್ತದೆ. ಮುಂದೆ ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಅದು ದೊಡ್ಡ ಸಾಹಸ, ಸಂಭ್ರಮದ ವರದಿಗಳೂ ಬಂದವು. ಆದರೆ ಗೇಟುಗಳ ನಿರ್ವಹಣೆ ಯಾರ ಹೊಣೆ, ತುಂಗಭದ್ರಾ ಮಂಡಳಿಗೂ ರಾಜ್ಯ ಸರ್ಕಾರಕ್ಕೂ ನಡುವೆ ಹೊಣೆ ಹೇಗೆ ಹಂಚಿಕೆಯಾಗಿದೆ ಎಂಬ ಪ್ರಶ್ನೆ ಪಕ್ಷಗಳ ಕಿತ್ತಾಟದಲ್ಲಿ ಮುಳುಗಿತು. ನಿಮ್ಮ ಅರ್ಧ ಗಂಟೆ ಮೀಸಲಾಗಬೇಕಾದದ್ದು ಇಂಥ ಪ್ರಶ್ನೆಗೆ.

ಇನ್ನೊಂದು, ಬಾರದೇ ಹೋದ ಸುದ್ದಿ. ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ ಏಮ್ಸ್ ರಾಯಚೂರಿಗೇ ಬೇಕು ಎಂದು ನಮ್ಮಲ್ಲಿ 2022ರ ಮೇ 13ರಿಂದ ಧರಣಿ ಕುಳಿತರು. ಅದು ಸಾವಿರ ದಿನ ದಾಟಿತು. ಜಿಲ್ಲಾ ಪುಟದಲ್ಲಿ ಅದು ಆಗಾಗ ಬರುತ್ತದೆ. ಅದೇ ಪತ್ರಿಕೆಯ ಬೆಂಗಳೂರು ಆವೃತ್ತಿಯನ್ನು ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿ. ನಾವು ಹಾಗೆ ಮಾಡುತ್ತೇವೆ: ಎರಡೂ ಆವೃತ್ತಿಗಳ ಮುಖಪುಟದ ತಲೆಬರಹಗಳನ್ನು ಒಬ್ಬರಾದ ಮೇಲೆ ಒಬ್ಬರು ಓದುತ್ತೇವೆ, ನಡುವೆ ಟೀಕೆ ಟಿಪ್ಪಣಿ ಇಲ್ಲ. ನಮ್ಮ ಸುದ್ದಿ ನಮ್ಮ ಜಿಲ್ಲೆಯ ಗಡಿಯಲ್ಲೇ ನಿಂತುಬಿಡುತ್ತದೆ ಎಂದು ಕೇಳುಗರಿಗೆ ತಾವಾಗಿಯೇ ಹೊಳೆಯುತ್ತದೆ. ಹಿಂದುಳಿದ ಪ್ರದೇಶ ಎಂದು ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಕೊಟ್ಟರು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರನ್ನೂ ಕಲ್ಯಾಣ ಕರ್ನಾಟಕ ಎಂದು ಬದಲಿಸಿದರು. ಪುಟದಲ್ಲಿ ಜಾಗ ಮಾತ್ರ ಬದಲಾಗಲಿಲ್ಲ. ಈ ಮಾತು ನನಗೆ ಸಂಕಟದ ಮಾತು.

ಪರಿಚಯದ ಮುಖಂಡರ ಬಗ್ಗೆ ಕೇಳಿದ್ದೀರಿ. ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಯಾರ ಹೇಳಿಕೆಯನ್ನು ಪ್ರಶ್ನಿಸುತ್ತೇವೋ ಅವರಿಗೆ ಧ್ವನಿಮುದ್ರಣದ ಹಿಂದಿನ ದಿನ ಫೋನ್ ಮಾಡುತ್ತೇವೆ, ಉತ್ತರ ಕೊಟ್ಟರೆ ಪೂರ್ತಿ ಹಾಕುತ್ತೇವೆ, ಕೊಡದಿದ್ದರೆ ಕೇಳಿದ್ದೆವು ಎಂದು ಹೇಳುತ್ತೇವೆ. ಎಲ್ಲ ಪಕ್ಷದವರಿಗೂ ಇದೇ ಕ್ರಮ. ಜಾತಿ, ಮನೆತನ, ಮಕ್ಕಳ ಮದುವೆಯ ಖರ್ಚು ಇವುಗಳ ತಂಟೆಗೆ ಹೋಗುವುದಿಲ್ಲ. ಸಂತೆಯಲ್ಲಿ ಎದುರು ಸಿಕ್ಕಾಗ ಮುಖ ತಿರುಗಿಸಿದವರು ಇದ್ದಾರೆ. ಅವರೇ ಮುಂದಿನ ವಾರ ಫೋನ್ ಎತ್ತಿದ್ದೂ ಇದೆ.

ಹಣದ ವಿಷಯ ಒಂದೇ ಮಾತಿನಲ್ಲಿ: ಮುಖಂಡರ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ತೆಗೆದುಕೊಳ್ಳಬೇಡಿ. ಸ್ಥಳೀಯ ಪತ್ರಿಕೆಗಳ ಬಾಯಿ ಕಟ್ಟಿರುವುದೇ ಅದು. 2012ರಲ್ಲಿ ಶುರುವಾದ ನ್ಯೂಸ್‌ಲಾಂಡ್ರಿ ಜಾಲತಾಣ ಮಾಧ್ಯಮಗಳನ್ನೇ ವಿಮರ್ಶಿಸುತ್ತ, ಚಂದಾದಾರರ ಹಣದಲ್ಲಿ ನಡೆಯುತ್ತಿದೆ. ಅವರ ವಾರದ ಪಾಡ್‌ಕಾಸ್ಟ್ ‘ಹಫ್ತಾ’ ಕೇಳಿ, ಒಪ್ಪದ ಇಬ್ಬರು ಒಂದೇ ಮೇಜಿನ ಸುತ್ತ ಹೇಗೆ ಮಾತನಾಡಬಹುದು ಎಂಬುದನ್ನು ಗಮನಿಸಿ.

ಗಂಗಾವತಿಯಿಂದ, ಧ್ವನಿಮುದ್ರಣದ ಕೆಲಸ ಮಾಡುವವನು

ಸರ್ ಹೇಳಿದ್ದು ಸರಿ. ನಾನು ಯಂತ್ರದ ಕಡೆಯದ್ದು ಹೇಳುತ್ತೇನೆ. ನಮ್ಮಲ್ಲಿ ಭಜನೆ, ರಂಗಗೀತೆ ಮುದ್ರಿಸುತ್ತೇವೆ. ಈಚೆಗೆ ಪಾಡ್‌ಕಾಸ್ಟ್‌ನವರೂ ಬರುತ್ತಾರೆ.

ವಿಡಿಯೊ ಸದ್ಯಕ್ಕೆ ಬಿಡಿ. ಕ್ಯಾಮೆರಾ ಬಂದರೆ ಅರ್ಧ ಜನ ಮಾತು ಬದಲಿಸುತ್ತಾರೆ. ಫೋನಿಗೆ ಸಿಕ್ಕಿಸುವ ಎರಡು ಕಾಲರ್ ಮೈಕ್ ಸಾಕು, ಒಬ್ಬೊಬ್ಬರಿಗೆ ಒಂದು. ಇಬ್ಬರ ನಡುವೆ ಒಂದೇ ಮೈಕ್ ಇಡಬೇಡಿ. ಗೋಡೆ ಬರಿದಾಗಿದ್ದರೆ ದನಿ ಗುಂಯ್‌ಗುಡುತ್ತದೆ, ಹಾಸಿಗೆ, ಕೌದಿ, ಬಟ್ಟೆ ತುಂಬಿದ ಕೋಣೆ ಆರಿಸಿ. ಫ್ಯಾನ್ ನಿಲ್ಲಿಸಲೇಬೇಕು. ನಮ್ಮ ಬೇಸಿಗೆಯಲ್ಲಿ ಅದು ಹಿಂಸೆ, ಆದ್ದರಿಂದ ಬೆಳಿಗ್ಗೆ ಬೇಗ ಮುದ್ರಿಸಿ, ರಸ್ತೆಯ ಸದ್ದೂ ಇರುವುದಿಲ್ಲ. ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ತಂತ್ರಾಂಶ ಇದೆ, ಹಣ ಕೊಡಬೇಕಿಲ್ಲ.

ಬರೀ ಮಾತಿಗೆ 64 ಕೆಬಿಪಿಎಸ್ ಮೊನೊ ಸಾಕು. ಅರ್ಧ ಗಂಟೆಯ ಕಡತ ಸುಮಾರು 14 ಎಂಬಿ ಆಗುತ್ತದೆ, ವಾಟ್ಸ್‌ಆ್ಯಪ್‌ನಲ್ಲೇ ಕಳುಹಿಸಬಹುದು. ಹಳ್ಳಿಗಳಲ್ಲಿ ಹೆಚ್ಚಿನವರು ಕೇಳುವುದು ಅಲ್ಲಿಯೇ.

ಇನ್ನೊಂದು, ಮೈಕ್ ಮುಂದೆ ಕುಳಿತ ಕೂಡಲೇ ವಾರ್ತೆ ಓದುವವರ ದನಿ ಬರುತ್ತದೆ. ಅದನ್ನು ಬಿಡಿ. ಮನೆಯಲ್ಲಿ ಆಡುವ ಕೊಪ್ಪಳದ ಮಾತನ್ನೇ ಆಡಿ.

ಬಳ್ಳಾರಿಯಿಂದ, ವಕೀಲೆ

ತುಣುಕುಗಳ ಪ್ರಶ್ನೆಗೆ ಉತ್ತರ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ, ಪ್ರಚಲಿತ ಘಟನೆಗಳ ವರದಿಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಇಷ್ಟು ಸೆಕೆಂಡ್ ಆದರೆ ಸರಿ ಎಂಬ ಲೆಕ್ಕ ಕಾಯ್ದೆಯಲ್ಲಿ ಇಲ್ಲ, ಯಾರು ಹೇಳಿದರೂ ನಂಬಬೇಡಿ. ಟೀಕೆಗೆ ಬೇಕಾದಷ್ಟೇ ತುಣುಕು ಹಾಕಿ, ವಾಹಿನಿಯ ಹೆಸರು, ಪ್ರಸಾರದ ದಿನಾಂಕ ಹೇಳಿ, ತಕ್ಷಣ ನಿಮ್ಮ ವಿಮರ್ಶೆ ಬರಲಿ. ಕಾನೂನು ನಿಮ್ಮ ಪರ ಇದ್ದರೂ ಯೂಟ್ಯೂಬ್‌ನಲ್ಲಿ 90 ದಿನಗಳಲ್ಲಿ ಮೂರು ಕೃತಿಸ್ವಾಮ್ಯ ಸ್ಟ್ರೈಕ್ (ದೂರಿನ ಮೇಲೆ ಬೀಳುವ ಎಚ್ಚರಿಕೆ) ಬಿದ್ದರೆ ಚಾನೆಲ್ ಹೋಗಬಹುದು. ಆದ್ದರಿಂದ ಸಾಧ್ಯವಾದ ಕಡೆ ಅವರ ಮಾತನ್ನು ನೀವೇ ಓದಿ ಹೇಳುವುದು ಕ್ಷೇಮ.

ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ, 2024ರ ಜುಲೈ 1ರಿಂದ ಜಾರಿ. ಶಿಕ್ಷೆ ಎರಡು ವರ್ಷದವರೆಗೂ ಇದೆ. ನಿಜ ಹೇಳಿದೆ ಎಂದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ‘ಲಂಚ ತಿಂದರು’ ಎಂಬ ಮಾತು ನಿಮ್ಮ ಬಾಯಿಂದ ಬಂದರೆ ರುಜುವಾತು ನಿಮ್ಮ ಕೈಯಲ್ಲಿರಬೇಕು. ‘ಈ ಕಾಮಗಾರಿಯ ಬಿಲ್ ಪಾವತಿಯಾಗಿದೆ, ರಸ್ತೆ ಇಲ್ಲ’ ಎಂದು ದಾಖಲೆ ಹಿಡಿದು ಹೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಧ್ವನಿಯ ಮೂಲ ಕಡತಗಳನ್ನು ಅಳಿಸಬೇಡಿ.

ಚುನಾವಣೆ ಬಂದಾಗ ಎಚ್ಚರ: ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆ ಹೇಳುವಂತಿಲ್ಲ. ‘ನಮ್ಮ ಬೂತಿನಲ್ಲಿ ಇವರಿಗೇ ಹೆಚ್ಚು ಬಿದ್ದಿದೆಯಂತೆ’ ಎಂಬ ಮಾತೂ ಬೇಡ.

ಒಂದು ನೆನಪು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ದೆಹಲಿಯ ಕ್ಯಾಮೆರಾಗಳೆಲ್ಲ ಬಳ್ಳಾರಿಯಲ್ಲಿದ್ದವು. ಫಲಿತಾಂಶದ ಮರುದಿನ ಒಂದೂ ಇರಲಿಲ್ಲ. ಗಣಿ ಹಗರಣದ ಕುರಿತು ಲೋಕಾಯುಕ್ತ ವರದಿ ಬಂದ 2011ರಲ್ಲಿ ಅವು ಮತ್ತೆ ಬಂದವು. ನಡುವಿನ ವರ್ಷಗಳಲ್ಲಿ ಸಂಡೂರಿನ ರಸ್ತೆಗಳಲ್ಲಿ ಕೆಂಪು ದೂಳು ಕುಡಿದವರ ಮಾತು ಎಷ್ಟು ದಾಖಲಾಯಿತು? ನೀವು ಇಲ್ಲಿಯೇ ಇರುವವರು, ಅದಕ್ಕೇ ಈ ಕೆಲಸ ನೀವು ಮಾಡಬೇಕು.

ಸಿಂಧನೂರಿನಿಂದ, ಕೇಳುಗ, ಭತ್ತದ ರೈತ

ನನಗೆ ಪಾಡ್‌ಕಾಸ್ಟ್ ಮಾಡಿ ಗೊತ್ತಿಲ್ಲ, ಕೇಳಿ ಗೊತ್ತು. ಗದ್ದೆಗೆ ನೀರು ಬಿಟ್ಟು ಕುಳಿತಾಗ ಕೇಳುತ್ತೇನೆ, ಕಣ್ಣು ಬದುವಿನ ಮೇಲೆ ಇರಬೇಕು, ಹಾಗಾಗಿ ವಿಡಿಯೊ ನನಗೆ ಪ್ರಯೋಜನವಿಲ್ಲ. ನೀರಾವರಿ ಸಲಹಾ ಸಮಿತಿ ಸಭೆಯ ಸುದ್ದಿ ಬರುತ್ತದೆ, ಯಾವ ಸಚಿವರು ಏನೆಂದರು ಎಂದು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ 104ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂಬುದು ಬರುವುದಿಲ್ಲ. ಕೆಳಭಾಗದ ಮಾನ್ವಿ, ಸಿರವಾರ ಕಡೆಯವರಿಗೆ ಬೇಕಾದದ್ದು ಆ ಒಂದು ಅಂಕಿ. ಸಭೆಯಲ್ಲಿ ಕೊಟ್ಟ ಮಾತನ್ನೂ ಹದಿನೈದು ದಿನ ಬಿಟ್ಟು ಗೇಜನ್ನೂ ಜೊತೆಗಿಟ್ಟು ಓದಿದರೆ ನಮಗೆ ಬೇರೆ ವಿಮರ್ಶೆ ಬೇಡ. ಮತ್ತೆ, ಇಬ್ಬರೂ ಒಟ್ಟಿಗೆ ಮಾತನಾಡಬೇಡಿ. ಟಿ.ವಿ. ಬಿಟ್ಟದ್ದೇ ಆ ಗದ್ದಲಕ್ಕೆ.

ಗಿಣಿಗೇರಾದಿಂದ, ಅಂಗನವಾಡಿ ಕಾರ್ಯಕರ್ತೆ

ಹೆಣ್ಣುಮಕ್ಕಳಿಬ್ಬರು ಇದಕ್ಕೆ ಕೈ ಹಾಕಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡ ಎಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆದಾಗ ಗವಿಮಠದ ಸ್ವಾಮೀಜಿಯವರ ಮಾತು ಎಲ್ಲ ಕಡೆ ಬಂತು, ಬರಬೇಕಾದದ್ದೇ. ಆದರೆ ಅದಕ್ಕೂ ಮುಂಚಿನಿಂದ ನಮ್ಮ ಓಣಿಯಲ್ಲಿ ಬೆಳಿಗ್ಗೆ ನೀರಿನ ಕೊಡದ ಮುಚ್ಚಳ ಒರೆಸಿದರೆ ಬಟ್ಟೆಗೆ ಕಪ್ಪು ಹತ್ತುತ್ತದೆ, ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವುದನ್ನು ಬಿಟ್ಟಿದ್ದೇವೆ. ವರದಿಗಾರರು ಬಂದರೆ ಕಟ್ಟೆಯ ಮೇಲಿನ ಗಂಡಸರನ್ನು ಕೇಳಿ ಹೋಗುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವ ಮಗ ಇದ್ದ ಮನೆಯ ತಾಯಿ ಏನು ಹೇಳುತ್ತಾಳೆ ಎಂಬುದು ಯಾರಿಗೂ ಬೇಕಿಲ್ಲ. ಆಕೆಗೆ ಎರಡು ಕಡೆಯೂ ಗೊತ್ತು. ಹೆಸರು ಹೇಳದೆ ದನಿ ಮಾತ್ರ ಬರುತ್ತದೆ ಎಂದರೆ ಮಾತನಾಡುವವರು ಇದ್ದಾರೆ, ನಾನೇ ಕೇಳಿ ನೋಡಿದ್ದೇನೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅವರಿಗೆ ಬಿಡುವು. ಬರುವ ಎರಡು ದಿನ ಮುಂಚೆ ತಿಳಿಸಿ, ಕೂಡಿಸುತ್ತೇನೆ.