‘ಕುಕ್ಕರಗಾಲು’ ಅಂದರೆ ಹಿಮ್ಮಡಿ ನೆಲಕ್ಕೆ ಊರಿರಬೇಕಾ?

ಎಲ್ಲರಿಗೂ ನಮಸ್ಕಾರ. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನಾನಿರುವುದು ಜಪಾನಿನ ಯೊಕೊಹಾಮಾದಲ್ಲಿ. ಹೊಸದಾಗಿ ಬರುವ ಕನ್ನಡದ ಮನೆಯವರಿಗೆ ಶಾಲೆಯ ಕಾಗದಪತ್ರ ಓದಿ ಹೇಳುವ ಕೆಲಸ ಹೇಗೋ ನನ್ನ ತಲೆಗೆ ಬಂದಿದೆ. ಏಪ್ರಿಲ್‌ನಲ್ಲಿ ಶಾಲೆ ಶುರುವಾದ ಕೂಡಲೇ ಮಕ್ಕಳ ಆರೋಗ್ಯ ತಪಾಸಣೆ. 2016ರಿಂದ ಅದರಲ್ಲಿ ಕೈಕಾಲು, ಕೀಲುಗಳ ತಪಾಸಣೆಯೂ ಸೇರಿದೆ. ಅದೇ ವರ್ಷ, ಕೂರಿಸಿ ಎತ್ತರ ಅಳೆಯುವುದನ್ನೂ ಹೊಟ್ಟೆಹುಳದ ಮೊಟ್ಟೆ ಪರೀಕ್ಷೆಯನ್ನೂ ಕೈಬಿಟ್ಟರು. ಮೊದಲ ಸುತ್ತು ಮನೆಯಲ್ಲೇ. ಅಪ್ಪ ಅಮ್ಮ ಮಗುವನ್ನು ನೋಡಿ ಚೀಟಿ ತುಂಬಬೇಕು. ಶಾಲೆಯ ಡಾಕ್ಟರು ಅದನ್ನು ನೋಡಿ, ಬೇಕಿದ್ದರೆ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಒಂಟಿಕಾಲಲ್ಲಿ 5 ಸೆಕೆಂಡ್ ನಿಲ್ಲುತ್ತಾನಾ, ಬಗ್ಗಿದರೆ ಸೊಂಟ ನೋಯುತ್ತಾ, ಇವೆಲ್ಲ ಸುಲಭ. ತೊಡಕಾದದ್ದು ‘ಷಗಮು’ ಅನ್ನುವ ಜಪಾನಿ ಮಾತು. ನಾನು ‘ಕುಕ್ಕರಗಾಲಲ್ಲಿ ಕೂರಲು ಬರುತ್ತದೆಯೇ?’ ಅಂತ ಬರೆದು ವಾಟ್ಸಾಪಿನಲ್ಲಿ ಕಳಿಸಿದೆ. ಚೀಟಿಯಲ್ಲಿ ಪಕ್ಕದಲ್ಲೇ ಚಿತ್ರವಿತ್ತು, ಪಾದ ಪೂರ್ತಿ ಊರಿ ಕೂತ ಮಗುವಿನದು. ಅದನ್ನು ಕಳಿಸಲಿಲ್ಲ. ತಪ್ಪು ನನ್ನದೇ.

ಒಂದು ಮನೆಯವರು ‘ಬರುತ್ತದೆ’ ಅಂತ ಗುರುತು ಹಾಕಿ ಕೊಟ್ಟರು. ಆಮೇಲೆ ಅಲ್ಲಿಗೆ ಕಾಫಿಗೆ ಹೋದಾಗ ಸುಮ್ನೆ ‘ಎಲ್ಲಿ, ಕೂರಪ್ಪ ನೋಡೋಣ’ ಅಂದೆ. ಹುಡುಗ ತುದಿಗಾಲಲ್ಲಿ ಕೂತ. ಹಿಮ್ಮಡಿ ಊರು ಅಂದರೆ ಹಿಂದಕ್ಕೆ ಉರುಳಿ, ಸೋಫಾಕ್ಕೆ ಬೆನ್ನು ಕೊಟ್ಟು ನಗತೊಡಗಿದ. ಊರಿಂದ ಬಂದಿದ್ದ ಅವನ ಅಜ್ಜಿ, ‘ಇದೆಂಥ ಕುಕ್ಕರಗಾಲೋ! ಪಾದ ಊರಬೇಕಲ್ವಾ?’ ಅಂದರು. ಅವನಪ್ಪ, ‘ಇಲ್ಲಮ್ಮ, ಅಂಡು ನೆಲಕ್ಕೆ ತಾಗದಿದ್ದರೆ ಸಾಕು, ಅದೇ ಕುಕ್ಕರಗಾಲು’ ಅಂದರು. ಇಬ್ಬರೂ ಮೈಸೂರಿನವರೇ!

ಹಿಮ್ಮಡಿಯ ವಿಷಯ ಪದದ ಜಗಳ ಮಾತ್ರ ಅಲ್ಲ. ಮೀನಖಂಡ ಬಿಗಿಯಾಗಿದ್ದರೆ, ಇಲ್ಲವೇ ಪಾದದ ಕೀಲು ಸರಿಯಾಗಿ ಮಡಚದಿದ್ದರೆ, ಹಿಮ್ಮಡಿ ತಾನೇ ಮೇಲೇಳುತ್ತದೆ. ತುದಿಗಾಲಲ್ಲಿ ಕೂತರೆ ಆ ಬಿಗಿತ ಕಾಣುವುದೇ ಇಲ್ಲ, ಪರೀಕ್ಷೆ ಮಾಡಿಯೂ ಮಾಡದ ಹಾಗೆ. ಬೆಳೆಯುವ ವಯಸ್ಸಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ತೊಡೆಯ ಮುಂಭಾಗ ಬಿಗಿಯಾಗಿದ್ದು, ಫುಟ್‌ಬಾಲು, ಬಾಸ್ಕೆಟ್‌ಬಾಲು ಅಂತ ಜಾಸ್ತಿ ಜಿಗಿದರೆ ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ ನೋಯುತ್ತದೆ. ಆಸ್‌ಗುಡ್-ಶ್ಲಾಟರ್ ಅನ್ನುವುದು ಇದನ್ನೇ. ಮೊದಲೇ ಗೊತ್ತಾದರೆ ಆಟ ಸ್ವಲ್ಪ ಕಡಿಮೆ ಮಾಡಿಸಿ, ಮೈ ಸಡಿಲಿಸುವ ವ್ಯಾಯಾಮ ಹೇಳಿಕೊಡಬಹುದು.

ಅಜ್ಜಿಯ ಕಾಲದಲ್ಲಿ ಬಚ್ಚಲಲ್ಲಿ ಪಾತ್ರೆ ತಿಕ್ಕುವುದರಿಂದ ಹಿಡಿದು ಕಕ್ಕಸಿನವರೆಗೆ ಎಲ್ಲದಕ್ಕೂ ಪಾದ ಊರಿಯೇ ಕೂರುತ್ತಿದ್ದರು. ಬೇರೆ ಅರ್ಥಕ್ಕೆ ಜಾಗವೇ ಇರಲಿಲ್ಲವೇನೋ. ಕಮೋಡ್ ಬಂದಮೇಲೆ ಪದವೂ ಹಿಮ್ಮಡಿ ಎತ್ತಿತು ಅಂತ ನನ್ನ ಊಹೆ. ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಪಾದ ಊರಿ ಕೂರುವುದಕ್ಕೆ ಒಂದು ಮಾತು, ತುದಿಗಾಲಲ್ಲಿ ಕೂರುವುದಕ್ಕೆ ಬೇರೆ ಮಾತು ಇದೆಯಾ?

ಇನ್ನೆರಡು ಚಿಕ್ಕ ಪ್ರಶ್ನೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದರೆ ಏನನ್ನುತ್ತೀರಿ? ‘ಗೂನು’ ಅಂತ ಬರೆದರೆ ಎಲ್ಲರೂ ಮಗುವನ್ನು ಪಕ್ಕದಿಂದ ನೋಡುತ್ತಾರೆ. ನೋಡಬೇಕಾದದ್ದು ಹಿಂದಿನಿಂದ: ಎರಡು ಹೆಗಲು ಸಮ ಇವೆಯಾ, ಮುಂದಕ್ಕೆ ಬಗ್ಗಿಸಿದಾಗ ಬೆನ್ನಿನ ಒಂದು ಬದಿ ಎದ್ದು ಕಾಣುತ್ತಾ. ‘ಸೊಟ್ಟ ಬೆನ್ನು’ ಅಂದರೆ ಮಗುವಿಗೆ ನೋವಾಗುತ್ತದೆ. ಸದ್ಯಕ್ಕೆ ‘ಓರೆಬೆನ್ನು’ ಅಂತ ಇಟ್ಟುಕೊಂಡಿದ್ದೇನೆ.

ಎರಡನೆಯದು, ಈ ತಪಾಸಣೆಯ ಜಪಾನಿ ಹೆಸರಲ್ಲೇ ಬರುವ ‘ಉಂದೋಕಿ’. ‘ಉಂದೋ’ ಅಂದರೆ ಚಲನೆ, ‘ಕಿ’ ಅಂದರೆ ಅಂಗ. ಮೂಳೆ, ಕೀಲು, ಸ್ನಾಯು, ನರ ಎಲ್ಲ ಒಂದೇ ಮಾತಿನಲ್ಲಿ ಬಂತು. ‘ಚಲನಾಂಗ’ ಅನ್ನಬಹುದು, ಆದರೆ ಅಜ್ಜಿಗೆ ಅರ್ಥವಾಗಲಿಲ್ಲ. ‘ಕೈಕಾಲು ಬೆನ್ನಿನ ತಪಾಸಣೆ’ ಅಂದೆ, ತಲೆಯಾಡಿಸಿದರು.

ಚೀಟಿಯಲ್ಲಿ ಈಗ ‘ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ’ ಅಂತ ತಿದ್ದಿದ್ದೇನೆ. ಅಜ್ಜಿಗೆ ಅದೂ ಒಪ್ಪಿಗೆಯಿಲ್ಲ. ‘ನಡುಮಧ್ಯೆ’ ಅಂದ ಹಾಗಾಯಿತಂತೆ.