ಸಹಾಯ ಬೇಕು: ಮಳೆಗಾಲದಲ್ಲಿ ಇಂಕಿನ ಗೆರೆ ಹರಡುತ್ತಿದೆ, ತಪ್ಪು ಇಂಕಿನದ್ದಾ ಹಾಳೆಯದ್ದಾ?

ನಮಸ್ಕಾರ. ನಾನಿರುವುದು ಮಡಿಕೇರಿ. ಭಾನುವಾರ ಬಂದರೆ ಸ್ಕೆಚ್‌ಬುಕ್ ಹಿಡಿದು ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗುತ್ತೇನೆ. 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ್ದು. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮುಂದೆ ಕೆರೆ. ಪೆನ್ನಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಒಂದು ಚಿತ್ರವೂ ನೆಟ್ಟಗೆ ಬರುತ್ತಿಲ್ಲ.

ಮಳೆ ಬಿಟ್ಟಾಗಲೇ ಕೂರುತ್ತೇನೆ. ಹಾಳೆ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಆದರೂ ಗುಮ್ಮಟದ ಅಂಚಿಗೆ ಎಳೆದ ಗೆರೆ ಕಣ್ಣೆದುರೇ ಕಂಬಳಿಹುಳದ ಹಾಗೆ ಕೂದಲು ಬಿಡುತ್ತದೆ.

ಮೊದಲು ಸಣ್ಣ ನಿಬ್ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಫೌಂಟನ್ ಪೆನ್ನಿಗೆ ಆಗುವ ವಾಟರ್‌ಪ್ರೂಫ್ ಪಿಗ್ಮೆಂಟ್ ಇಂಕ್ ತಂದೆ. ಹರಡುವುದು ಸ್ವಲ್ಪ ಕಡಿಮೆಯಾಯಿತು. ಆದರೆ ಕಾಲು ಗಂಟೆ ಕಾದು ಮೇಲೆ ಬಣ್ಣ ಬಳಿದರೂ ಗೆರೆ ಕರಗಿ ಬೂದಿ ಬೂದಿ. (ಇಂಡಿಯನ್ ಇಂಕ್ ಹಾಕಿ ಅಂತ ದಯವಿಟ್ಟು ಹೇಳಬೇಡಿ, ಅದರ ಅರಗು ಕಟ್ಟಿಕೊಂಡು ಒಂದು ಪೆನ್ನು ಆಗಲೇ ಹೋಗಿದೆ.)

ನನಗೆ ಅರ್ಥವಾಗದ್ದು ಇಷ್ಟೇ. ಇದೇ ಪುಸ್ತಕ, ಇದೇ ಪೆನ್ನು ಮಾರ್ಚ್‌ನಲ್ಲಿ ಮೈಸೂರಲ್ಲಿ ಚೆನ್ನಾಗಿಯೇ ಬರೆದವು. ಈಗಲೂ ಮನೆಯಲ್ಲಿ ಹಾಳೆಯನ್ನು ಒಲೆ ಹತ್ತಿರ ಹಿಡಿದು ಬೆಚ್ಚಗೆ ಮಾಡಿ ಬರೆದರೆ ಗೆರೆ ಚೂಪಾಗಿ ಬರುತ್ತದೆ. ಹಾಗಾದರೆ ಹಾಳೆ ತೇವ ಕುಡಿಯುತ್ತಿದೆ ಅಂತ ತಾನೇ? ಒಲೆಯನ್ನು ಕೆರೆ ದಡಕ್ಕೆ ಹೊತ್ತುಕೊಂಡು ಹೋಗೋಕಾಗಲ್ಲ ಅಲ್ವಾ!

ಕೊಡಗು, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗೆ ಕೂತು ಬರೆಯುವವರು ಹೇಳಿ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ದಪ್ಪ ಕಾಟನ್ ಹಾಳೆಗೆ ದುಡ್ಡು ಹಾಕಿದರೆ ಇದು ನಿಲ್ಲುತ್ತದಾ, ಅಥವಾ ಇರುವ ಪುಸ್ತಕವನ್ನೇ ಒಣಗಿಸಿ ಇಟ್ಟುಕೊಳ್ಳುವ ದಾರಿ ಇದೆಯಾ?