"ಐದು ವರ್ಷದಿಂದ ಮಾಡುತ್ತಿದ್ದೇನೆ": ಇಂಗ್ಲಿಷಿನಲ್ಲಿ ಹೇಗೆ?

ತುಮಕೂರು ಹುಡುಗಿ:
ಮೊನ್ನೆ ಇಂಟರ್‌ವ್ಯೂನಲ್ಲಿ "ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್" ಅಂದೆ. ಎದುರಿಗಿದ್ದವರು "ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್" ಎಂದು ತಿದ್ದಿದರು. ಆಮೇಲೆ ಮಾತೇ ಬರಲಿಲ್ಲ, ತುಂಬಾ ಬೇಜಾರಾಯಿತು. ಈಗಲೂ ಅದೇ ಕೆಲಸದಲ್ಲಿದ್ದೇನೆ ಅಲ್ವಾ, ಮತ್ತೆ "ಆ್ಯಮ್ ವರ್ಕಿಂಗ್" ಯಾಕೆ ತಪ್ಪು?

ಹಳೇ ಮೇಷ್ಟ್ರು:
ಬೇಜಾರು ಬೇಡಮ್ಮ, ನೀವು ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಯೋಚಿಸಿದ್ದೀರಿ. ನಮ್ಮಲ್ಲಿ "ಮಾಡುತ್ತಿದ್ದೇನೆ" ಹಾಗೇ ಇರುತ್ತದೆ, ಹಿಂದೆ "ಐದು ವರ್ಷದಿಂದ" ಸೇರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಆಗ ಶುರುವಾಗಿ ಇವತ್ತಿನವರೆಗೂ ನಡೆದು ಬಂದಿದ್ದಕ್ಕೆ ಕ್ರಿಯಾಪದದ ರೂಪವೇ ಬದಲಾಗಬೇಕು, ಅದೇ ಹ್ಯಾವ್ ಬೀನ್ ವರ್ಕಿಂಗ್. ಶಾಲೆಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಅನ್ನುತ್ತಾರೆ. ಆ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ, ಮಕ್ಕಳು ಅಲ್ಲೇ ಹೆದರಿಬಿಡುತ್ತಾರೆ.

ಜಾಸ್ತಿ ಎಡವುವುದು ನಮ್ಮ "ಇಂದ"ದಲ್ಲಿ. "ಎರಡು ಗಂಟೆಯಿಂದ ಕಾಯುತ್ತಿದ್ದೇನೆ" ಅಂದರೆ ಎರಡು ಅರ್ಥ. ಗಡಿಯಾರದಲ್ಲಿ ಎರಡು ಹೊಡೆದಾಗಿನಿಂದ ಎಂದಾದರೆ ಸಿನ್ಸ್ ಟೂ ಓ ಕ್ಲಾಕ್. ಎರಡು ಗಂಟೆ ಹೊತ್ತು ಎಂದಾದರೆ ಫಾರ್ ಟೂ ಅವರ್ಸ್. ಹಾಗೆಯೇ 2019ರಿಂದ ಅನ್ನಲು ಸಿನ್ಸ್, ಐದು ವರ್ಷದಿಂದ ಅನ್ನಲು ಫಾರ್. ಯಾವಾಗ ಶುರುವಾಯಿತು ಅಂತ ಹೇಳುತ್ತಿದ್ದೀರೋ, ಎಷ್ಟು ಕಾಲ ಅಂತಲೋ, ಅದನ್ನು ಮೊದಲು ಕೇಳಿಕೊಳ್ಳಿ.

ಧಾರವಾಡ ಪೇಡಾ:
ಒಂದು ಮಾತು ಸೇರಿಸುತ್ತೇನೆ. ಇದನ್ನು ಎಲ್ಲಾ ಕ್ರಿಯಾಪದಕ್ಕೂ ಹಚ್ಚಬೇಡಿ. "ಅವನು ಹತ್ತು ವರ್ಷದಿಂದ ಗೊತ್ತು" ಅನ್ನಲು "ಹ್ಯಾವ್ ಬೀನ್ ನೋಯಿಂಗ್" ಬರುವುದಿಲ್ಲ, "ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್" ಅನ್ನಬೇಕು. ಗೊತ್ತಿರುವುದು ಮಾಡುವ ಕೆಲಸವಲ್ಲ, ಇರುವ ಸ್ಥಿತಿ. ನಾವೂ "ಗೊತ್ತು" ಅಂದು ಬಿಡುತ್ತೇವೆ, ಅದಕ್ಕೆ "ಮಾಡುತ್ತಿದ್ದೇನೆ" ಹತ್ತಿಸುವುದಿಲ್ಲ ನೋಡಿ.

ತುಮಕೂರು ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್, "ಎರಡು ಗಂಟೆಯಿಂದ" ಓದಿದ ಕೂಡಲೇ ಹೊಳೆಯಿತು. ಆದರೆ ಅಮ್ಮ ಈರುಳ್ಳಿ ಹೆಚ್ಚಿ ಎದ್ದು ಬಂದಿದ್ದಾಳೆ, ಕಣ್ಣು ಕೆಂಪಗಿದೆ. ಕೆಲಸ ಮುಗಿಯಿತಲ್ಲ, ಆಗ?

ಹಳೇ ಮೇಷ್ಟ್ರು:
ಆಗಲೂ ನಡೆಯುತ್ತದೆ. "ಶಿ ಹ್ಯಾಸ್ ಬೀನ್ ಕಟಿಂಗ್ ಆನಿಯನ್ಸ್." ಈಗಷ್ಟೇ ನಿಂತಿದೆ, ಗುರುತು ಕಣ್ಣಲ್ಲೇ ಇದೆ. ಎಷ್ಟು ಹೆಚ್ಚಿದಳು ಅಂತ ಲೆಕ್ಕ ಕೊಡುವುದಾದರೆ ಮಾತ್ರ "ಶಿ ಹ್ಯಾಸ್ ಕಟ್ ಸಿಕ್ಸ್ ಆನಿಯನ್ಸ್" ಅನ್ನಿ.